ಕುದುರೆಗೆ ಕೊಟ್ಟ ದುಡ್ಡು ಕುದುರೆಗೇ ಹೋಯಿತಾ?

2008ರ ಜನವರಿಯಲ್ಲಿ ಇಂಗ್ಲೆಂಡಿನ ಅಮರ್‌ಶಮ್ ಊರಿನ ಹತ್ತಿರದ ಒಂದು ಫಾರ್ಮ್‌ನಲ್ಲಿ 31 ಕುದುರೆಗಳ ಹೆಣ ಸಿಕ್ಕವು. ಇನ್ನೂ ಜೀವ ಹಿಡಿದುಕೊಂಡಿದ್ದ ಕುದುರೆ, ಪೋನಿ, ಕತ್ತೆಗಳು ನೂರಕ್ಕೂ ಜಾಸ್ತಿ. ಆರ್‌ಎಸ್‌ಪಿಸಿಎ, ರೆಡ್‌ವಿಂಗ್ಸ್, ವರ್ಲ್ಡ್ ಹಾರ್ಸ್ ವೆಲ್ಫೇರ್ ಮುಂತಾದ, ಜನರ ದಾನದ ದುಡ್ಡಿನಲ್ಲಿ ನಡೆಯುವ ಪ್ರಾಣಿ ರಕ್ಷಣಾ ಸಂಸ್ಥೆಗಳು ಸೇರಿ ಅವನ್ನು ಹಂಚಿಕೊಂಡು ಸಾಕಿದವು. ಇಂಥ ಹೊತ್ತಲ್ಲಿ ಈ ಸಂಸ್ಥೆಗಳನ್ನು ಮೆಚ್ಚದವರು ಕಡಿಮೆ. ಅನುಮಾನ ಹುಟ್ಟುವುದು ಆಮೇಲೆ. ಕೊಟ್ಟ ದುಡ್ಡು ಎಲ್ಲಿ ಹೋಯಿತು? ಎಷ್ಟು ಕುದುರೆ ಉಳಿದವು, ಎಷ್ಟನ್ನು ಸಂಸ್ಥೆಯವರೇ ಸಾಯಿಸಿದರು?

ಎರಡನೆಯ ಪ್ರಶ್ನೆಗೆ ತುಂಬ ಹಿಂದೆಯೇ ಒಬ್ಬಾಕೆ ನೇರವಾಗಿ ಉತ್ತರ ಕೊಟ್ಟಿದ್ದರು. ಮೊದಲನೇ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸೈನ್ಯ ಈಜಿಪ್ಟಿನಲ್ಲಿದ್ದ ಸಾವಿರಾರು ಕುದುರೆಗಳನ್ನು ಮನೆಗೆ ಒಯ್ಯದೆ ಅಲ್ಲೇ ಮಾರಿಬಿಟ್ಟಿತು. 1930ರಲ್ಲಿ ಸೇನಾಧಿಕಾರಿ ಗಂಡನ ಜೊತೆ ಕೈರೋಗೆ ಬಂದ ಡೊರೊತಿ ಬ್ರೂಕ್ ಆ ಕುದುರೆಗಳನ್ನು ಹುಡುಕಿದರು. ಹನ್ನೆರಡು ವರ್ಷ ಗಾಡಿ ಎಳೆದು ಸವೆದುಹೋಗಿದ್ದವು. 1931ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಪತ್ರ ಬರೆದರು. ಈ ಕುದುರೆಗಳನ್ನು ಕೊಂಡುಕೊಳ್ಳಲು, ಅವುಗಳ ನರಳಾಟ ಮುಗಿಸಲು ಸಹಾಯ ಬೇಕು ಅಂದರು. ಜನ ದುಡ್ಡು ಕಳಿಸಿದರು. ಮೂರು ವರ್ಷದಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡರು. ಬಹುಪಾಲಿಗೆ ದಯಾಮರಣವೇ ಗತಿಯಾಯಿತು. 1934ರಲ್ಲಿ ಕೈರೋದಲ್ಲಿ ಒಂದು ಉಚಿತ ಪಶು ಆಸ್ಪತ್ರೆ ಶುರುವಾಯಿತು. ಅದರಿಂದ ಬೆಳೆದ ಬ್ರೂಕ್ ಸಂಸ್ಥೆ ಈಗ ಭಾರತದ ಇಟ್ಟಿಗೆ ಗೂಡುಗಳ ಕುದುರೆ, ಹೇಸರಗತ್ತೆಗಳಿಗೂ ಕೆಲಸ ಮಾಡುತ್ತಿದೆ. ಕೊಲ್ಲುವುದಕ್ಕೇ ದುಡ್ಡು ಕೇಳಿ, ಅದನ್ನು ಬಾಯಿಬಿಟ್ಟು ಹೇಳಿ, ನಂಬಿಕೆ ಗಳಿಸಿದ ಕಥೆ ಇದು.

ಈಗಿನ ಸಂಸ್ಥೆಗಳು ಸಾಯಿಸುವ ಮಾತು ಆಡಲು ಹಿಂಜರಿಯುತ್ತವೆ ಅನ್ನುವುದು ನನ್ನ ಗುಮಾನಿ. ಆದರೆ ಸಾಯಿಸಬೇಕಾಗಿ ಬರುವುದಕ್ಕೆ ಕಾರಣವೂ ಇದೆ. 2008ರ ಆರ್ಥಿಕ ಕುಸಿತದ ನಂತರ ಬ್ರಿಟನ್ನಿನಲ್ಲಿ ಸಾಧಾರಣ ತಳಿಯ ಕುದುರೆಗಳ ಬೆಲೆ ನೆಲ ಕಚ್ಚಿತು. ಮರಿ ಹಾಕಿಸುವುದು ಮಾತ್ರ ನಿಲ್ಲಲಿಲ್ಲ. ಸಾಕಲಾಗದವರು, ಸಾಕುವ ಮನಸ್ಸೇ ಇಲ್ಲದವರು ಬೇರೆಯವರ ಹೊಲದಲ್ಲಿ ಸುಮ್ನೆ ಬಿಟ್ಟು ಹೋಗತೊಡಗಿದರು. ಮೈಕ್ರೋಚಿಪ್ ಇಲ್ಲದ ಕುದುರೆಯ ಒಡೆಯ ಯಾರು ಅಂತ ಕಂಡುಹಿಡಿಯುವುದು ಹೇಗೆ? ವೇಲ್ಸ್ 2014ರಲ್ಲಿ, ಇಂಗ್ಲೆಂಡ್ 2015ರಲ್ಲಿ ಕಾನೂನು ತಂದವು. ಇಂಗ್ಲೆಂಡಿನಲ್ಲಿ ಜಮೀನಿನವರು ಪೊಲೀಸರಿಗೆ ತಿಳಿಸಿ ನಾಲ್ಕು ಕೆಲಸದ ದಿನ ಕಾಯಬೇಕು. ಯಾರೂ ಬರದಿದ್ದರೆ ಕುದುರೆಯನ್ನು ಮಾರಬಹುದು, ಸಂಸ್ಥೆಗೆ ಕೊಡಬಹುದು, ದಯಾಮರಣವನ್ನೂ ಕೊಡಿಸಬಹುದು. ಈ ಕಾನೂನಿಗಾಗಿ ಒತ್ತಾಯಿಸಿದವರಲ್ಲಿ ಕುದುರೆ ಸಂಸ್ಥೆಗಳೂ ಇದ್ದವು. ಅವರ ಲಾಯಗಳು ಆಗಲೇ ತುಂಬಿದ್ದವು.

ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಪ್ರಾಣಿ. ಚಳಿಗಾಲಕ್ಕೆ ಒಣಹುಲ್ಲು ಬೇಕು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಹಳೆಯ ಒಡೆಯನ ಮೇಲಿನ ಕೇಸು ಕೋರ್ಟಿನಲ್ಲಿದ್ದರೆ ತೀರ್ಪು ಬರುವ ತನಕ ಖರ್ಚು ಸಂಸ್ಥೆಯ ತಲೆ ಮೇಲೆ. ಫೋಟೋ ನೋಡಿ ಒಂದು ಸಲ ದುಡ್ಡು ಹಾಕಿದವರಿಗೆ ಈ ಲೆಕ್ಕ ಕಾಣುವುದಿಲ್ಲ.

ಆದರೆ ದುಡ್ಡಿನ ವಿಷಯದಲ್ಲಿ ಜನರ ಸಿಟ್ಟು ಸುಮ್ನೆ ಬಂದದ್ದೂ ಅಲ್ಲ. 1824ರಲ್ಲಿ ಹುಟ್ಟಿದ ಆರ್‌ಎಸ್‌ಪಿಸಿಎ ಈ ಕ್ಷೇತ್ರದ ಹಿರಿಯಣ್ಣ. 2012ರಲ್ಲಿ ಅದು ಕಾನೂನು ಮುರಿದು ನರಿ ಬೇಟೆಯಾಡಿದ ಹೀತ್ರಾಪ್ ಬೇಟೆ ತಂಡದ ಮೇಲೆ ಕೇಸು ಹಾಕಿ ಗೆದ್ದಿತು. ಅದಕ್ಕೆ 3 ಲಕ್ಷ ಪೌಂಡಿಗೂ ಜಾಸ್ತಿ ಖರ್ಚಾಗಿತ್ತು. ಇಷ್ಟೊಂದಾ ಅಂತ ನ್ಯಾಯಾಧೀಶರೇ ಬೆರಗಾದರು. 2016ರ ಡಿಸೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ದಾನಿಗಳಿಗೆ ಗೊತ್ತಿಲ್ಲದಂತೆ ಅವರ ಆಸ್ತಿ ಎಷ್ಟು ಅಂತ ಅಳೆಸಿದ್ದಕ್ಕೆ, ಜನರ ಖಾಸಗಿ ಮಾಹಿತಿ ಕಾಯುವ ಮಾಹಿತಿ ಆಯುಕ್ತರು ಸಂಸ್ಥೆಗೆ 25,000 ಪೌಂಡ್ ದಂಡ ಹಾಕಿದರು. ಕೊಟ್ಟವರನ್ನೇ ತೂಕ ಹಾಕುವುದು! ನನ್ನ ಪ್ರಕಾರ ಕೋರ್ಟಿನ ಖರ್ಚಿಗಿಂತ ಇದೇ ಜಾಸ್ತಿ ನೋಯಿಸುವಂಥದ್ದು. 2021ರಲ್ಲಿ, ಕೇಸು ನಡೆಸುವ ಕೆಲಸವನ್ನು ಸರ್ಕಾರಿ ಅಭಿಯೋಜಕರಿಗೆ ಬಿಟ್ಟುಕೊಡುವ ಯೋಚನೆ ಇದೆ ಅಂತ ಸಂಸ್ಥೆಯೇ ಹೇಳಿತು.

ದೊಡ್ಡವರ ಮೇಲೆ ಕಣ್ಣಿಡಲು ಪತ್ರಿಕೆಗಳಾದರೂ ಇವೆ. ನಾಲ್ಕು ಎಕರೆ, ಒಂದು ಫೇಸ್‌ಬುಕ್ ಪುಟ ಇಟ್ಟುಕೊಂಡು ನಡೆಯುವ ಚಿಕ್ಕ ಆಶ್ರಯಗಳನ್ನು ನೋಡುವವರು ಯಾರು? ಒಳ್ಳೆಯ ಮನಸ್ಸಿನಿಂದಲೇ ಶುರು ಮಾಡಿ, ಒಂದಾದ ಮೇಲೊಂದು ಕುದುರೆ ಸೇರಿಸಿಕೊಂಡು, ಕೊನೆಗೆ ಅಲ್ಲೇ ಕುದುರೆಗಳು ಸೊರಗುವುದೂ ಉಂಟು. ಸ್ಕಾಟ್ಲೆಂಡ್ 2021ರಲ್ಲಿ ಆಶ್ರಯಧಾಮಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಇಂಗ್ಲೆಂಡಿನಲ್ಲಿ ಆಗ ಅಂಥ ನಿಯಮ ಇರಲಿಲ್ಲ.

ದೊಡ್ಡ ಕುದುರೆ ಸಂಸ್ಥೆಗಳು ಪಾಲಿಸುವ ಒಂದು ಪದ್ಧತಿ ನನಗೆ ಹಿಡಿಸುತ್ತದೆ. ವರ್ಲ್ಡ್ ಹಾರ್ಸ್ ವೆಲ್ಫೇರ್, ರೆಡ್‌ವಿಂಗ್ಸ್ ತಾವು ಉಳಿಸಿದ ಕುದುರೆಯನ್ನು ಮಾರುವುದಿಲ್ಲ, ಸಾಕಲು ಮಾತ್ರ ಕೊಡುತ್ತವೆ. ಒಡೆತನ ಸಂಸ್ಥೆಯದ್ದೇ. ಅವರ ಕಡೆಯವರು ಆಗಾಗ ಹೋಗಿ ನೋಡುತ್ತಾರೆ. ಸಾಕುವವರಿಗೆ ಆಗದಿದ್ದರೆ ಕುದುರೆ ವಾಪಸ್ ಬರುತ್ತದೆ. ದಾನಿ ಐದು ವರ್ಷ ಬಿಟ್ಟು ಫೋನ್ ಮಾಡಿ 'ಆ ಕಂದು ಕುದುರೆ ಈಗೆಲ್ಲಿದೆ?' ಅಂತ ಕೇಳಿದರೂ ಹೇಳಲು ಉತ್ತರ ಇರುತ್ತದೆ, ಅಲ್ವಾ? ಸತ್ತಿದ್ದರೆ ಸತ್ತಿದೆ ಅಂತಲೂ ಹೇಳಬಹುದು.