ಮೇಲ್‌ನಲ್ಲಿ ಫೋಟೊ ಕಳಿಸ್ತೀರಾ? ನೋಡೋದಕ್ಕಾ, ಪ್ರಿಂಟಿಗಾ ಅಂತ ಮೊದಲು ಕೇಳಿಕೊಳ್ಳಿ

ಹಾಸನದಲ್ಲಿ ನಮ್ಮದು ಫೋಟೊ ಪ್ರಿಂಟ್ ಮತ್ತು ಆಲ್ಬಂ ಮಾಡುವ ಕೆಲಸ. ಅರಕಲಗೂಡು, ಬೇಲೂರು, ಸಕಲೇಶಪುರ, ಆ ಕಡೆ ಮೂಡಿಗೆರೆವರೆಗಿನ ಜನ ಫೋಟೊಗಳನ್ನು ಮೇಲ್‌ನಲ್ಲೇ ಕಳಿಸುತ್ತಾರೆ. ಬೆಳಿಗ್ಗೆ ಇನ್‌ಬಾಕ್ಸ್ ತೆರೆದರೆ ಎರಡು ಥರದ ತೊಂದರೆ ಕಾಣುತ್ತದೆ. ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಅಂತ ಬಂದಿರುವ ಫೋಟೊ ಬೆರಳುಗುರಿನಷ್ಟು ಚಿಕ್ಕದಿರುತ್ತದೆ. ಸುಮ್ನೆ ಒಂದ್ಸಲ ನೋಡಿ ಹೇಳಿ ಅಂತ ಬಂದಿದ್ದು ಒಂದೊಂದೂ 8 ಎಂಬಿ ಇರುತ್ತದೆ. ಎರಡೂ ಕಡೆ ತಪ್ಪಿರುವುದು ಒಂದೇ ಪ್ರಶ್ನೆ: ಫೋಟೊ ಸಿಕ್ಕವರು ಅದನ್ನಿಟ್ಟುಕೊಂಡು ಏನು ಮಾಡುತ್ತಾರೆ? ಬರೀ ನೋಡುತ್ತಾರಾ, ಪ್ರಿಂಟ್ ಹಾಕಿಸುತ್ತಾರಾ? ಇದೊಂದು ಗೊತ್ತಾದರೆ ಮಿಕ್ಕಿದ್ದೆಲ್ಲ ಸುಲಭ.

ಮೊದಲು ನೋಡೋದಕ್ಕೆ ಮಾತ್ರ ಕಳಿಸುವ ಫೋಟೊ ತಗೊಳ್ಳಿ. ಬೆಂಗಳೂರಿನಲ್ಲಿರುವ ಮಗಳಿಗೆ ಮನೆ ಗೃಹಪ್ರವೇಶದ ಚಿತ್ರ, ಅಮೆರಿಕದಲ್ಲಿರುವ ಅಣ್ಣನಿಗೆ ತೋಟದಲ್ಲಿ ಕಾಫಿ ಹೂ ಬಿಟ್ಟಿರುವ ಚಿತ್ರ. ಇವರು ನೋಡುವುದು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ. ಅದಕ್ಕೆ ಉದ್ದದ ಬದಿ 1600 ಪಿಕ್ಸೆಲ್ (ಫೋಟೊ ಆಗುವುದೇ ಈ ಚಿಕ್ಕ ಚುಕ್ಕಿಗಳಿಂದ) ಇದ್ದರೆ ಧಾರಾಳ. ಫೋನಿನ 12 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ತೆಗೆದ ಫೋಟೊ 4000 ಗುಣಿಸು 3000 ಪಿಕ್ಸೆಲ್, ಸಾಮಾನ್ಯವಾಗಿ 3ರಿಂದ 5 ಎಂಬಿ. ಅದನ್ನೇ 1600 ಪಿಕ್ಸೆಲ್‌ಗೆ ಇಳಿಸಿದರೆ ಅರ್ಧ ಎಂಬಿ ಆಸುಪಾಸಿಗೆ ಬರುತ್ತದೆ, ಹತ್ತು ಫೋಟೊ ಒಂದೇ ಮೇಲ್‌ನಲ್ಲಿ ಆರಾಮಾಗಿ ಹೋಗುತ್ತದೆ. ಐಫೋನಿನ ಮೇಲ್ ಆ್ಯಪ್ ಕಳಿಸುವಾಗ ಸ್ಮಾಲ್, ಮೀಡಿಯಂ, ಲಾರ್ಜ್, ಆಕ್ಚುಯಲ್ ಸೈಜ್ ಅಂತ ತಾನಾಗೇ ಕೇಳುತ್ತದೆ, ನೋಡೋದಕ್ಕಾದರೆ ಲಾರ್ಜ್ ಒತ್ತಿ. ವಿಂಡೋಸ್‌ನಲ್ಲಿ ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳುವ ಅಗತ್ಯವೇ ಇಲ್ಲ. ಪೇಂಟ್‌ನಲ್ಲಿ ತೆರೆದು, ರೀಸೈಜ್ ಒತ್ತಿ, ಪಿಕ್ಸೆಲ್ಸ್ ಆರಿಸಿ ಉದ್ದದ ಬದಿಗೆ 1600 ಅಂತ ಹಾಕಿ. ಆಮೇಲೆ ಸೇವ್ ಆ್ಯಸ್ ಕೊಟ್ಟು ಬೇರೆ ಹೆಸರಿನಲ್ಲಿ ಉಳಿಸಿ. ಬರೀ ಸೇವ್ ಒತ್ತಿದರೆ ಒರಿಜಿನಲ್ ಮೇಲೇ ಚಿಕ್ಕದು ಕೂರುತ್ತದೆ, ಹೋದ ಪಿಕ್ಸೆಲ್ ಮತ್ತೆ ಬರಲ್ಲ.

ಇನ್ನು ಎಷ್ಟು ಎಂಬಿ ಕಳಿಸಬಹುದು ಅನ್ನುವ ವಿಷಯ. ಜಿಮೇಲ್ ಮಿತಿ 25 ಎಂಬಿ ಅಂತ ಎಲ್ಲರಿಗೂ ಗೊತ್ತು. ಆದರೆ 22 ಎಂಬಿ ಹಾಕಿದರೂ ಕೆಲವು ಆಫೀಸ್ ವಿಳಾಸಗಳಿಂದ ಮೇಲ್ ವಾಪಸ್ ಬರುತ್ತದಲ್ವಾ, ಅದಕ್ಕೆ ಕಾರಣ ಇದೆ. ಇಮೇಲ್ ಹುಟ್ಟಿದ್ದು ಬರೀ ಅಕ್ಷರ ಕಳಿಸುವುದಕ್ಕೆ. ಫೋಟೊ, ಧ್ವನಿ ಎಲ್ಲ ಅದರಲ್ಲಿ ಸೇರಿಸುವ ಮೈಮ್ ಅನ್ನುವ ಪದ್ಧತಿ ಬಂದಿದ್ದು 1992ರಲ್ಲಿ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ನಥಾನಿಯಲ್ ಬೋರೆನ್‌ಸ್ಟೈನ್ ಆ ವರ್ಷ ಮಾರ್ಚ್‌ನಲ್ಲಿ ತಮ್ಮ ಹಾಡುವ ತಂಡದ ಫೋಟೊವನ್ನೇ ಮೇಲ್‌ಗೆ ಅಂಟಿಸಿ ಕಳಿಸಿದ್ದರು. ಇವತ್ತಿಗೂ ಕೆಲಸ ನಡೆಯುವುದು ಹಾಗೇ. ನೀವು ಅಟ್ಯಾಚ್ ಮಾಡಿದ ಫೋಟೊ ದಾರಿಯಲ್ಲಿ ಅಕ್ಷರಗಳ ಸಾಲಾಗಿ ಬದಲಾಗುತ್ತದೆ. ಮೂರು ಬೈಟ್ (ಫೈಲಿನ ತೂಕದ ಚಿಕ್ಕ ಅಳತೆ, ಇಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್) ಇದ್ದಿದ್ದು ನಾಲ್ಕು ಅಕ್ಷರ ಆಗುತ್ತದೆ, ಅಂದರೆ ತೂಕ ಸುಮಾರು ಮೂರನೇ ಒಂದು ಭಾಗ ಜಾಸ್ತಿ. 22 ಎಂಬಿ ಹಾಕಿದರೆ ಆ ಕಡೆ ತಲುಪುವಾಗ ಅದು 29ರ ಮೇಲೆ. ಆ ಕಡೆಯ ಸರ್ವರ್ ಅಳೆಯುವುದು ಈ ಉಬ್ಬಿದ ಲೆಕ್ಕವನ್ನು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಒಂದು ಮೇಲ್‌ಗೆ 15 ಎಂಬಿ ದಾಟಬೇಡಿ. ಕಂಪನಿ ಅಥವಾ ಸರ್ಕಾರಿ ಕಚೇರಿಯ ವಿಳಾಸ ಆಗಿದ್ದರೆ 5 ಎಂಬಿ ಒಳಗಿರಲಿ, ಅಲ್ಲಿ ಮಿತಿ ಇನ್ನೂ ಬಿಗಿಯಾಗಿರುವುದು ಮಾಮೂಲಿ.

ಜಿಪ್ ಮಾಡಿದರೆ, ಅಂದರೆ ಫೈಲುಗಳನ್ನು ಹಿಂಡಿ ಒಂದೇ ಗಂಟು ಕಟ್ಟಿದರೆ, ಚಿಕ್ಕದಾಗಲ್ವಾ ಅಂತ ಕೇಳುವವರು ತುಂಬಾ ಜನ. ಆಗಲ್ಲ. ಫೋಟೊಗಳು ಸಾಮಾನ್ಯವಾಗಿ ಉಳಿಯುವ ಜೆಪೆಗ್ ಅನ್ನುವ ರೂಪ ಫೈಲನ್ನು ಆಗಲೇ ಹಿಂಡಿ ಇಟ್ಟಿರುತ್ತದೆ, ಮತ್ತೆ ಹಿಂಡಲು ಏನೂ ಉಳಿದಿರಲ್ಲ. ಜಿಪ್‌ನಿಂದ ಐವತ್ತು ಫೋಟೊ ಒಂದೇ ಫೈಲ್ ಆಗುತ್ತದೆ ಅನ್ನುವುದಷ್ಟೇ ಅನುಕೂಲ.

ಪ್ರಿಂಟ್ ವಿಷಯಕ್ಕೆ ಬಂದರೆ ಲೆಕ್ಕ ಪೂರ್ತಿ ಉಲ್ಟಾ. ಇಲ್ಲಿ ಒಂದು ಪಿಕ್ಸೆಲ್ ಕೂಡ ಕಡಿಮೆ ಮಾಡಬೇಡಿ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು, 200ಕ್ಕೆ ಇಳಿದರೂ ಹೇಗೋ ನಡೆಯುತ್ತದೆ. 4 ಗುಣಿಸು 6 ಇಂಚಿನ ಪ್ರಿಂಟಿಗೆ 1200 ಗುಣಿಸು 1800 ಪಿಕ್ಸೆಲ್ ಸಾಕು. 12 ಗುಣಿಸು 18ಕ್ಕೆ 3600 ಗುಣಿಸು 5400 ಇದ್ದರೆ ಚೆನ್ನ. ಫ್ಲೆಕ್ಸ್ ಬೇರೆ ಮಾತು, ಅದನ್ನು ದೂರದಿಂದ ನೋಡುವುದರಿಂದ ಕಡಿಮೆ ಇದ್ದರೂ ಕಣ್ಣಿಗೆ ಗೊತ್ತಾಗಲ್ಲ.

ನನಗೆ ನಿಜವಾಗಿ ಬೇಜಾರಾಗುವುದು ಸ್ಕ್ರೀನ್‌ಶಾಟ್ ನೋಡಿದಾಗ. ಗ್ಯಾಲರಿಯಲ್ಲಿ ಫೋಟೊ ತೆರೆದು ಅದರ ಸ್ಕ್ರೀನ್‌ಶಾಟ್ ಹೊಡೆದು, ಅದನ್ನೇ ಮೇಲ್‌ಗೆ ಹಾಕುತ್ತಾರೆ. ಫೋನನ್ನು ನೆಟ್ಟಗೆ ಹಿಡಿದು ಅಡ್ಡ ಫೋಟೊದ ಸ್ಕ್ರೀನ್‌ಶಾಟ್ ತೆಗೆದರೆ ಏನಾಗುತ್ತದೆ ನೋಡಿ. ಪರದೆಯ ಅಗಲ 1080 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ಮೇಲೆ ಕೆಳಗೆ ಕಪ್ಪು ಪಟ್ಟಿ ತೆಗೆದರೆ ಫೋಟೊಗೆ ಉಳಿಯುವುದು 1080 ಗುಣಿಸು 810. ಸರಿಯಾಗಿ ಪ್ರಿಂಟ್ ಹಾಕಿದರೆ 4 ಇಂಚು ಅಗಲ ಕೂಡ ಬರಲ್ಲ. ತೀರಿಕೊಂಡ ಅಜ್ಜಿಯ ಇದ್ದ ಒಂದೇ ಒಳ್ಳೆ ಫೋಟೊ ಹೀಗೆ ಬಂದಿರುತ್ತದೆ, ಹನ್ನೊಂದನೇ ದಿನಕ್ಕೆ ದೊಡ್ಡ ಫ್ರೇಮ್ ಬೇಕು ಅಂತ ಮನೆಯವರು ಕಾಯುತ್ತಿರುತ್ತಾರೆ. ಮೂಗುಬೊಟ್ಟು ಇದ್ದ ಜಾಗದಲ್ಲಿ ನಾಲ್ಕು ಚೌಕ ಚುಕ್ಕಿ ಕಾಣುತ್ತವೆ, ಅಷ್ಟೇ. ಆಗ ನಾನು ಮೊದಲು ಫೋನ್ ಮಾಡಿ ಕೇಳುವುದು, ಇದನ್ನು ತೆಗೆದ ಫೋನ್ ಯಾರ ಹತ್ತಿರ ಇದೆ ಅಂತ. ಎಷ್ಟೋ ಸಲ ಒರಿಜಿನಲ್ ಅಲ್ಲೇ ಇರುತ್ತದೆ, ಯಾರೂ ಹುಡುಕಿರಲ್ಲ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊವನ್ನು ಮೇಲ್‌ಗೆ ಹಾಕುವುದೂ ಹೆಚ್ಚುಕಮ್ಮಿ ಇದೇ ಕಥೆ. ಅದು ಮಾಮೂಲಿ ಫೋಟೊ ಥರ ಬಂದಿದ್ದರೆ ದಾರಿಯಲ್ಲೇ ಚಿಕ್ಕದಾಗಿರುತ್ತದೆ. ತೆಗೆದವರಿಗೆ ಹೇಳಿ, ಡಾಕ್ಯುಮೆಂಟ್ ಆಗಿ ಕಳಿಸಲಿ ಅಥವಾ ನೇರ ಮೇಲ್ ಮಾಡಲಿ.

ನೋಡೋದಕ್ಕಾದರೂ ಪಿಕ್ಸೆಲ್ ಇಳಿಸಬಾರದ ಒಂದು ಸಂದರ್ಭ ಇದೆ, ನಮ್ಮ ಕಡೆಯವರಿಗೆ ಇದು ಮುಖ್ಯ. ಕಾಫಿ ಗಿಡಕ್ಕೆ ರೋಗ ಬಂದಾಗ ಬೆಳೆಗಾರರು ತಜ್ಞರಿಗೆ ಫೋಟೊ ಕಳಿಸುತ್ತಾರೆ. ಎಲೆ ತುಕ್ಕು ರೋಗ ಗೊತ್ತಾಗುವುದು ಎಲೆಯ ಕೆಳಗಿನ ಬದಿಯ ಕಿತ್ತಳೆ ಬಣ್ಣದ ಪುಡಿಯಿಂದ. ಇಡೀ ಗಿಡದ ಫೋಟೊ ತೆಗೆದು ಅದನ್ನು ಚಿಕ್ಕದು ಮಾಡಿ ಕಳಿಸಿದರೆ ಆ ಪುಡಿ ಬರೀ ಹಳದಿ ಮಸುಕು. ಇಲ್ಲಿ ಫೋಟೊ ರೀಸೈಜ್ ಮಾಡಬೇಡಿ, ಕ್ರಾಪ್ ಮಾಡಿ. ಎಲೆ ಮಗುಚಿ ಹಿಡಿದು ಹತ್ತಿರದಿಂದ ತೆಗೆದು, ಬೇಡದ ಅಂಚು ಕತ್ತರಿಸಿ. ಉಳಿದ ಜಾಗದ ಪಿಕ್ಸೆಲ್ ಹಾಗೇ ಇರುತ್ತದೆ, ಫೈಲ್ ಮಾತ್ರ ಹಗುರ. ಜೊತೆಗೆ ಇಡೀ ಗಿಡದ್ದೊಂದು ಚಿಕ್ಕ ಫೋಟೊ ಸಾಕು.

ಮದುವೆ ಫೋಟೊಗಳನ್ನು, ಅದೂ ನಾನೂರು ಐನೂರು ಇದ್ದರೆ, ಅಟ್ಯಾಚ್ ಮಾಡಲು ಹೋಗಲೇಬೇಡಿ. ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಅದರ ಲಿಂಕನ್ನು ಮೇಲ್‌ನಲ್ಲಿ ಹಾಕಿ. 25 ಎಂಬಿ ದಾಟಿದರೆ ಜಿಮೇಲ್ ತಾನೇ ಡ್ರೈವ್ ಲಿಂಕ್ ಮಾಡುತ್ತದೆ, ಆದರೆ ನೀವೇ ಫೋಲ್ಡರ್ ಮಾಡುವುದು ಅಚ್ಚುಕಟ್ಟು. ಹೊಸ ಫೋಲ್ಡರ್ ಮಾಡಿದಾಗ ಅದು ನಿಮಗೆ ಮಾತ್ರ ಕಾಣುವ ಹಾಗಿರುತ್ತದೆ. ಶೇರ್‌ಗೆ ಹೋಗಿ ಸಿಗಬೇಕಾದವರ ಮೇಲ್ ವಿಳಾಸ ಸೇರಿಸಿ. ಇದನ್ನು ಮರೆತರೆ ಆ ಕಡೆಯವರಿಗೆ ಅನುಮತಿ ಕೇಳಿ ಅನ್ನುವ ಪುಟ ಬರುತ್ತದೆ, ಅವರು ಕೇಳುತ್ತಾರೆ, ನೀವು ನೋಡುವುದು ಮಾರನೇ ದಿನ, ಆಲ್ಬಂ ಕೆಲಸ ಅಲ್ಲೇ ನಿಲ್ಲುತ್ತದೆ. ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಅನ್ನುವ ಆಯ್ಕೆಯೂ ಇದೆ. ಹೆಣ್ಣುಮಕ್ಕಳ, ಚಿಕ್ಕಮಕ್ಕಳ ಫೋಟೊ ಇರುವ ಫೋಲ್ಡರ್‌ಗೆ ನಾನು ಅದನ್ನು ಒಪ್ಪುವುದಿಲ್ಲ. ಆ ಲಿಂಕ್ ಫ್ಯಾಮಿಲಿ ಗ್ರೂಪಿಂದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಗೂಗಲ್ ಫೋಟೋಸ್ ಆಲ್ಬಂ ಲಿಂಕ್ ಕೂಡ ಸರಿ, ಆದರೆ ಸ್ಟೋರೇಜ್ ಸೇವರ್ ಆಯ್ಕೆ ಇದ್ದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊಗಳನ್ನು ಅದು ಇಳಿಸುತ್ತದೆ. ಪ್ರಿಂಟಿಗಾದರೆ ಒರಿಜಿನಲ್ ಕ್ವಾಲಿಟಿಯೇ ಇರಲಿ.

ಮಲೆನಾಡಿನ ಕಡೆ ತೋಟದ ಮನೆಗಳಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಅಲ್ಲಿಂದ ದೊಡ್ಡ ಜಿಪ್ ಒಂದನ್ನು ಅಪ್‌ಲೋಡ್ ಮಾಡುವ ಬದಲು ಫೋಟೊಗಳನ್ನು ಬಿಡಿಬಿಡಿಯಾಗಿ ಫೋಲ್ಡರ್‌ಗೆ ಹಾಕಿ. ನಡುವೆ ಕಡಿದರೂ ಹೋದದ್ದು ಹೋದ ಹಾಗೆ, ಉಳಿದದ್ದನ್ನು ಮತ್ತೆ ಹಾಕಬಹುದು.

ಐಫೋನಿನವರಿಗೆ ಒಂದು ಮಾತು. 2017ರ ಐಓಎಸ್ 11ರಿಂದ ಐಫೋನ್ ಫೋಟೊಗಳು ಹೆಚ್ಇಐಸಿ ಅನ್ನುವ ರೂಪದಲ್ಲಿ ಉಳಿಯುತ್ತವೆ, ಹಳೆ ಕಂಪ್ಯೂಟರ್‌ಗಳಲ್ಲಿ ಅದು ತೆರೆಯಲ್ಲ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದೆ ತೆಗೆಯುವುದೆಲ್ಲ ಜೆಪೆಗ್ ಆಗಿರುತ್ತದೆ.

ಫೋಟೊ ಒಳಗೆ ಅದನ್ನು ತೆಗೆದ ಜಾಗ, ಸಮಯ ಎರಡೂ ಬರೆದಿರಬಹುದು ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೇಲ್‌ನಲ್ಲಿ ಒರಿಜಿನಲ್ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಮನೆಯಲ್ಲಿ ತೆಗೆದ ಚಿತ್ರ ಗುರುತಿಲ್ಲದವರಿಗೆ ಕಳಿಸುತ್ತಿದ್ದೀರಿ ಅಂದರೆ, ಐಫೋನಿನಲ್ಲಿ ಶೇರ್ ಮಾಡುವಾಗ ಮೇಲೆ ಆಪ್ಷನ್ಸ್ ಒತ್ತಿ ಲೊಕೇಶನ್ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲೇ ಲೊಕೇಶನ್ ಉಳಿಸುವುದನ್ನು ನಿಲ್ಲಿಸಬಹುದು.

ಕೊನೆಗೆ ಜಾಗದ ವಿಷಯ. ಗೂಗಲ್ ಕೊಡುವ ಉಚಿತ 15 ಜಿಬಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್‌ನಿಂದ ಫೋಟೋಸ್‌ಗೆ ಹೊಸದಾಗಿ ಹಾಕುವುದೂ ಈ ಲೆಕ್ಕಕ್ಕೇ ಬರುತ್ತದೆ. ತುಂಬಿದರೆ ಮೇಲ್ ಬರುವುದೇ ನಿಂತುಹೋಗುತ್ತದೆ. ಹಾಗಂತ ಅವಸರದಲ್ಲಿ ಅಳಿಸಬೇಡಿ. ಲಿಂಕ್ ಕಳಿಸಿದ ಮೇಲೆ, ಫೋಟೊ ಪಡೆದವರು ಎಲ್ಲ ಇಳಿಸಿಕೊಂಡು ಎಣಿಕೆ ಸರಿಯಿದೆ ಅಂತ ಉತ್ತರ ಬರೆದ ನಂತರವೇ ಆ ಫೋಲ್ಡರ್ ತೆಗೆಯಿರಿ, ಅದೂ ಒರಿಜಿನಲ್ ಒಂದು ಹಾರ್ಡ್ ಡಿಸ್ಕ್‌ನಲ್ಲಿ ಇದೆ ಅಂತ ತೆರೆದು ನೋಡಿಕೊಂಡು.