ಕುರ್ಚಿ ಜೋಡಿಸುವವರ ಆರೋಗ್ಯ

ಮುಂಬಯಿಯ ಯಾವ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹೋದರೂ ಎರಡು ಬಗೆಯ ಜನ ಕಣ್ಣಿಗೆ ಬೀಳುತ್ತಾರೆ. ವೇದಿಕೆಯ ಮೇಲೆ ಶಾಲು, ಹಾರ, ಸ್ಮರಣಿಕೆಗಳ ನಡುವೆ ಕುಳಿತವರು ಒಂದು ಬಗೆ. ಮಧ್ಯಾಹ್ನ ಮೂರಕ್ಕೇ ಬಂದು ಕುರ್ಚಿ ಜೋಡಿಸಿ, ರಾತ್ರಿ ಕೊನೆಯ ಪಂಕ್ತಿಗೆ ಸಾರು ಉಳಿದಿದೆಯೇ ಎಂದು ಪಾತ್ರೆಯೊಳಗೆ ಇಣುಕಿ ನೋಡುವವರು ಇನ್ನೊಂದು ಬಗೆ. ಡೊಂಬಿವಲಿಯಿಂದ ಮಾಟುಂಗಕ್ಕೆ ಲೋಕಲ್ ರೈಲಿನಲ್ಲಿ ಓಡಾಡಿ ಮೂವತ್ತು ವರ್ಷ ಇಂಥ ಸಮಾರಂಭಗಳನ್ನು ನೋಡಿದ ನನಗೆ, ಇವರಲ್ಲಿ ಎರಡನೆಯವರೇ ಹೆಚ್ಚು ನೆಮ್ಮದಿಯಿಂದ ಇದ್ದಾರೆ ಎಂಬ ಗುಮಾನಿ ಮೊದಲಿನಿಂದಲೂ ಇತ್ತು. ಅದಕ್ಕೆ ವಿಜ್ಞಾನದ ಬೆಂಬಲವೂ ಸ್ವಲ್ಪ ಮಟ್ಟಿಗೆ ಇದೆ ಎಂದು ತಿಳಿದದ್ದು ನಿವೃತ್ತನಾದ ಮೇಲೆ, ಅದೂ ಪೆಟ್ಟು ತಿಂದು.

ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೊದಲ ಆರು ತಿಂಗಳು ನಾನು ಮನೆ ಬಿಟ್ಟು ಹೊರಬೀಳಲಿಲ್ಲ. ಬೆಳಗಿನ ಲೋಕಲ್ ಹಿಡಿಯುವ ಧಾವಂತವಿಲ್ಲ, ಹಿಡಿಯದಿದ್ದರೆ ಏಕೆಂದು ಕೇಳುವವರೂ ಇಲ್ಲ. ನಿದ್ದೆ ಕೆಟ್ಟಿತು, ಊಟ ರುಚಿಸದಾಯಿತು. ‘ಯಾರ ಮನೆಗಾದರೂ ಹೋಗಿ ಬನ್ನಿ’ ಎಂದು ಹೆಂಡತಿ ಹೇಳಿದರೆ, ‘ಮನಸ್ಸು ಸರಿಯಾಗಲಿ, ಹೋಗುತ್ತೇನೆ’ ಎನ್ನುತ್ತಿದ್ದೆ.

ನಾನು ಬಂಡಿಯನ್ನು ಎತ್ತಿನ ಮುಂದೆ ಕಟ್ಟಿದ್ದೆ. ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಪ್ರಯೋಗವೊಂದು ನಮ್ಮ ಪಕ್ಕದ ಗೋವಾದಲ್ಲೇ ನಡೆದಿದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 1996ರಲ್ಲಿ ಅಲ್ಲಿ ‘ಸಂಗಾತ್’ ಎಂಬ ಸೇವಾ ಸಂಸ್ಥೆಯನ್ನು ಕಟ್ಟಿದರು. ಈ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ ತೀವ್ರ ಖಿನ್ನತೆಯ 495 ಮಂದಿಯನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ಆರರಿಂದ ಎಂಟು ಸಲ ಆಪ್ತ ಸಮಾಲೋಚನೆ. ಸಮಾಲೋಚಕರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ಬಳಿಕ ನೋಡಿದಾಗ ಎರಡನೆಯ ಗುಂಪಿನಲ್ಲಿ ಶೇ. 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು. ಮೊದಲನೆಯದರಲ್ಲಿ ಶೇ. 39. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಸಮಾಲೋಚಕರು ಬಳಸಿದ ಉಪಾಯ ತೀರಾ ಸರಳ. ಖಿನ್ನತೆ ಬಂದವರು ಒಂದೊಂದೇ ಕೆಲಸ ಬಿಡುತ್ತಾರೆ, ಒಬ್ಬೊಬ್ಬರನ್ನೇ ದೂರ ಮಾಡುತ್ತಾರೆ. ಬಿಟ್ಟ ಕೆಲಸದೊಂದಿಗೆ ಅದು ಕೊಡುತ್ತಿದ್ದ ಸಣ್ಣಪುಟ್ಟ ಸಂತೋಷವೂ ಹೋಗುತ್ತದೆ. ಸಂತೋಷ ಹೋದ ಮೇಲೆ ಇನ್ನಷ್ಟು ಕೆಲಸ ಬಿಡುತ್ತಾರೆ. ಈ ಸುತ್ತನ್ನು ಮನಸ್ಸಿನ ಕಡೆಯಿಂದ ಬಿಡಿಸುವುದು ಕಷ್ಟ, ಕೈಕಾಲಿನ ಕಡೆಯಿಂದ ಸುಲಭ. ಇಷ್ಟವಿರಲಿ ಬಿಡಲಿ, ಗೊತ್ತುಮಾಡಿಕೊಂಡ ಹೊತ್ತಿಗೆ ಗೊತ್ತುಮಾಡಿಕೊಂಡ ಕೆಲಸ ಮಾಡಬೇಕು. ಮನಸ್ಸು ಹಿಂದಿನಿಂದ ನಿಧಾನವಾಗಿ ಬರುತ್ತದೆ. ಆ ಕೆಲಸ ಸಂಘಸೇವೆಯೇ ಆಗಬೇಕೆಂದಿಲ್ಲ, ಕುಂಡದಲ್ಲಿ ಮೆಂತ್ಯ ಬೆಳೆಸುವುದೂ ಆದೀತು. ಆದರೆ ನೀರು ಹಾಕದಿದ್ದರೆ ಮೆಂತ್ಯ ಫೋನ್ ಮಾಡಿ ಕೇಳುವುದಿಲ್ಲ.

ನನ್ನನ್ನು ಎಬ್ಬಿಸಿದ್ದು ನೆರೆಮನೆಯ ಶೆಟ್ಟರು. ಉಪದೇಶ ಮಾಡಲಿಲ್ಲ. ಸಂಘದ ಪುಸ್ತಕದ ಕಪಾಟಿನ ಬೀಗದ ಕೈ ತಂದು ಕೈಯಲ್ಲಿಟ್ಟು, ‘ಶನಿವಾರ ಐದು ಗಂಟೆಗೆ ತೆರೆಯಬೇಕು, ಮಾರಾಯರೇ, ನನಗೆ ಮಂಡಿನೋವು’ ಎಂದರು. ಮಂಡಿನೋವು ಸುಳ್ಳೆಂದು ಆಮೇಲೆ ಗೊತ್ತಾಯಿತು.

ಈ ಊರಿನ ಸಂಘಗಳು ಹುಟ್ಟಿದ್ದೂ ಹೀಗೇ, ಒಬ್ಬರ ಕೈಗೆ ಒಂದು ಕೆಲಸ ಕೊಟ್ಟು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು, ಬಂಟರ ಸಂಘ 1927ರದು. ಅದೇ ಕಾಲದಲ್ಲಿ ಹೋಟೆಲಿನಲ್ಲಿ ದುಡಿಯುತ್ತ ಹೋಟೆಲಿನಲ್ಲೇ ಮಲಗುತ್ತಿದ್ದ ಕರಾವಳಿಯ ಹುಡುಗರು ಕನ್ನಡ ರಾತ್ರಿಶಾಲೆಗಳಿಗೆ ಹೋಗುತ್ತಿದ್ದರು. ಹಗಲೆಲ್ಲ ‘ಏ ಪೋರ’ ಎಂದು ಕರೆಸಿಕೊಂಡವನ ಪೂರ್ತಿ ಹೆಸರನ್ನು ರಾತ್ರಿ ಮೇಷ್ಟರು ಹಾಜರಿ ಪುಸ್ತಕದಿಂದ ಕೂಗುತ್ತಿದ್ದರು. ಕಲಿತ ಗಣಿತಕ್ಕಿಂತ ಆ ಕೂಗಿನ ತೂಕವೇ ಹೆಚ್ಚಿತ್ತೇನೋ.

ಇಲ್ಲಿ ಒಂದು ತಕರಾರು ಏಳುತ್ತದೆ. ಆರೋಗ್ಯವಂತರೇ ಸೇವೆಗೆ ಬರುತ್ತಾರೆ, ಹಾಸಿಗೆ ಹಿಡಿದವರು ಬರುವುದಿಲ್ಲ. ಹಾಗಾದರೆ ಸೇವೆಯಿಂದ ಆರೋಗ್ಯವೋ, ಆರೋಗ್ಯದಿಂದ ಸೇವೆಯೋ? ಇದನ್ನು ಬಿಡಿಸಲು ಕೆನಡಾದ ಸಂಶೋಧಕರು 106 ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ಹತ್ತು ವಾರ, ವಾರಕ್ಕೊಮ್ಮೆ, ಪುಟ್ಟ ಮಕ್ಕಳಿಗೆ ಪಾಠ ಆಟಗಳಲ್ಲಿ ನೆರವಾದರು. ಉಳಿದವರು ತಮ್ಮ ಸರದಿಗೆ ಕಾದರು. ನೆರವಾದವರ ರಕ್ತದಲ್ಲಿ ಕೊಲೆಸ್ಟೆರಾಲ್ ಕಡಿಮೆಯಿತ್ತು. ಉರಿಯೂತವನ್ನು ಸೂಚಿಸುವ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನೂ ಕಡಿಮೆಯಿತ್ತು. 2013ರಲ್ಲಿ ಪ್ರಕಟವಾದ ಈ ವರದಿಯಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಅಂಶ: ಯಾರಲ್ಲಿ ಪರರ ಬಗ್ಗೆ ಮರುಕ ಹೆಚ್ಚು ಬೆಳೆದಿತ್ತೋ ಅವರಿಗೇ ದೈಹಿಕ ಲಾಭವೂ ಹೆಚ್ಚು.

ಒಟ್ಟಾಗಿ ಮೈ ಬಗ್ಗಿಸುವುದಕ್ಕೂ ತನ್ನದೇ ಗುಣವಿದೆ. ಆಕ್ಸ್‌ಫರ್ಡಿನ ದೋಣಿ ಪಟುಗಳು ವ್ಯಾಯಾಮಶಾಲೆಯ ಯಂತ್ರದಲ್ಲಿ ಒಬ್ಬೊಬ್ಬರೇ ಹುಟ್ಟು ಹಾಕಿದಾಗಿನದಕ್ಕಿಂತ ಒಟ್ಟಾಗಿ, ಒಂದೇ ಲಯದಲ್ಲಿ ಹಾಕಿದ ಮೇಲೆ ನೋವನ್ನು ಹೆಚ್ಚು ತಡೆದುಕೊಂಡರು. ಪಟ್ಟ ಶ್ರಮ ಮಾತ್ರ ಅಷ್ಟೇ. ಮಿದುಳಿನಲ್ಲಿ ಸ್ರವಿಸುವ, ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಇದಕ್ಕೆ ಕಾರಣವೆಂಬುದು ಸಂಶೋಧಕರ ಊಹೆ. ಕುಣಿತ ಭಜನೆ ಮುಗಿಸಿ ಬೆವರು ಒರೆಸಿಕೊಳ್ಳುವವರ ಮುಖ ನೋಡಿದವರಿಗೆ ಈ ಊಹೆ ಅಚ್ಚರಿ ತರಲಾರದು.

ಈಗ ಶಾಲಿನ ವಿಚಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1957ರಲ್ಲಿ ಶಾಲೆ ಮುಗಿಸಿದವರನ್ನು ಸಂಶೋಧಕರು ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಅವರು ಮುಪ್ಪಿಗೆ ಬಂದಾಗ, ಸೇವೆ ಏಕೆ ಮಾಡುತ್ತೀರಿ ಎಂದು ಕೇಳಲಾಯಿತು. ನಾಲ್ಕು ವರ್ಷದ ಬಳಿಕ ಯಾರು ಬದುಕಿದ್ದಾರೆ ಎಂದು ನೋಡಿದರೆ, ಇತರರಿಗಾಗಿ ಎಂದವರಲ್ಲಿ ಸಾವು ಕಡಿಮೆ. ತನಗೆ ಒಳ್ಳೆಯದಾಗಲೆಂದು ಎಂದವರಿಗೂ ಏನೂ ಮಾಡದವರಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ. ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ, ನಂಟನ್ನು ತೋರಿಸುತ್ತದೆ ಅಷ್ಟೇ. ಆದರೂ, ಸನ್ಮಾನದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಯಿತೆಂದು ಬೇರೊಂದು ಸಂಘವನ್ನೇ ಕಟ್ಟಿದ ಮಹನೀಯರನ್ನು ಬಲ್ಲ ನನಗೆ ಇದನ್ನು ಓದಿ ನಗು ಬಂತು. ಇದರಲ್ಲೊಂದು ತೊಡಕೂ ಇದೆ: ಆರೋಗ್ಯಕ್ಕೆ ಒಳ್ಳೆಯದೆಂದು ಈ ಲೇಖನ ಓದಿ ಸೇವೆಗೆ ಹೊರಟವರು ಯಾವ ಗುಂಪಿಗೆ ಸೇರುತ್ತಾರೆ?

ಅತಿಯಾದರೆ ಅಮೃತವೂ ವಿಷ. ವಯಸ್ಸಾದ ಅಮೆರಿಕನ್ನರ ಮೇಲಿನ 1999ರ ಅಧ್ಯಯನವೊಂದರಲ್ಲಿ ಲಾಭ ಕಂಡದ್ದು ವರ್ಷಕ್ಕೆ 40 ಗಂಟೆಯೊಳಗೆ ಸೇವೆ ಮಾಡಿದವರಲ್ಲಿ, ಅಂದರೆ ವಾರಕ್ಕೆ ಒಂದು ಗಂಟೆಗೂ ಕಡಿಮೆ. ನಮ್ಮ ಪರಿಚಯದ ಅಕ್ಕನೊಬ್ಬರು ಪರೇಲಿನಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದು ರಾಯಚೂರು, ವಿಜಯಪುರಗಳಿಂದ ಬರುವವರಿಗೆ ಅರ್ಜಿ ತುಂಬಿಕೊಡುತ್ತಾರೆ, ವೈದ್ಯರ ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಾರೆ. ಮೊದಲು ವಾರದಲ್ಲಿ ಐದು ದಿನ ಹೋಗುತ್ತಿದ್ದರು. ಕ್ರಮೇಣ ಕೇಳಿದ ಕತೆಗಳೆಲ್ಲ ರಾತ್ರಿ ಕಾಡಲು ತೊಡಗಿದವು. ಈಗ ಮಂಗಳವಾರ ಮಾತ್ರ. ‘ಮಂಗಳವಾರ ಪೂರ್ತಿ ಅವರಿಗೆ, ಉಳಿದ ದಿನ ಮೊಮ್ಮಗಳಿಗೆ’ ಎನ್ನುತ್ತಾರೆ.

ಹಾಸಿಗೆಯಿಂದ ಏಳಲೂ ಆಗದವರನ್ನು, ಬದುಕೇ ಬೇಡ ಎನ್ನುವವರನ್ನು ‘ಸಂಘಕ್ಕೆ ಬಾ’ ಎಂದು ಎಳೆಯುವುದು ತಪ್ಪು. ಅವರಿಗೆ ವೈದ್ಯರು ಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಕಳೆದ ಶನಿವಾರ ನನಗೆ ಜ್ವರ. ಹೊದ್ದು ಮಲಗಿದ್ದೆ. ಐದೂಕಾಲಿಗೆ ಫೋನ್ ಬಂತು. ಆ ಕಡೆಯಿಂದ ಎಂಟನೆಯ ತರಗತಿಯ ಹುಡುಗಿ, ಸ್ವಲ್ಪ ಸಿಟ್ಟಿನಲ್ಲೇ ಕೇಳಿದಳು: ‘ಅಂಕಲ್, ನಾವು ನಾಲ್ಕು ಜನ ಬಂದು ಕಾಯುತ್ತಿದ್ದೇವೆ. ಬೀಗದ ಕೈ ಎಲ್ಲಿ?’