ಹದಿನಾಲ್ಕು ಸಿಲಿಂಡರ್‌ಗಳ ಶ್ರುತಿ

ರಾತ್ರಿಯಿಡೀ ನಿಂತಿದ್ದ ಡಕೋಟಾ ಅನ್ನುವ ಹಳೆಯ ಸಾಗಾಣಿಕೆ ವಿಮಾನವನ್ನು ಬೆಳಿಗ್ಗೆ ಬಂದವರೇ ಸ್ಟಾರ್ಟ್ ಮಾಡುವ ಹಾಗಿಲ್ಲ. ಮೊದಲು ಮೆಕ್ಯಾನಿಕ್‌ಗಳು ಎಂಜಿನ್ ಮುಂದೆ ಬಂದು ನಿಲ್ಲುತ್ತಾರೆ. ಪ್ರೊಪೆಲ್ಲರಿನ ಒಂದು ಬ್ಲೇಡನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರ ಹಾಕಿ ಕೆಳಕ್ಕೆ ಎಳೆಯುತ್ತಾರೆ. ಅದು ಕೆಳಗೆ ಹೋಗುತ್ತಿದ್ದಂತೆ ಮುಂದಿನದು ಕೈಗೆ ಬರುತ್ತದೆ. ಅದನ್ನೂ ಎಳೆಯುತ್ತಾರೆ. ಹೀಗೆ ಹತ್ತು ಹನ್ನೆರಡು ಬ್ಲೇಡ್ ದಾಟಬೇಕು. ಒಳಗೆ ಒಂದೊಂದೇ ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುತ್ತದೆ. ಆ ಬಿಗಿ ಎಳೆಯುವವರ ಅಂಗೈಗೆ ಗೊತ್ತಾಗುತ್ತದೆ. ಆಮೇಲೆ ಸಡಿಲ. ಮತ್ತೆ ಬಿಗಿ.

ಇದು ಪೂಜೆಯ ಹಾಗೆ ಕಂಡರೂ ಕಾರಣ ಬೇರೆ. ಡಕೋಟಾದ ಎಂಜಿನ್ ರೇಡಿಯಲ್ ಎಂಜಿನ್. ಅಂದರೆ ಅದರ ಸಿಲಿಂಡರ್‌ಗಳು ಕಾರಿನಲ್ಲಿರುವಂತೆ ಸಾಲಾಗಿ ಇಲ್ಲ. ಎತ್ತಿನಗಾಡಿ ಚಕ್ರದ ನಡುವಿನಿಂದ ಸುತ್ತಲೂ ಕಡ್ಡಿಗಳು ಹೊರಟಂತೆ, ನಡುವಿನ ಶಾಫ್ಟಿನ ಸುತ್ತ ನಿಂತಿವೆ. ಮೇಲಿನವು ನೆಟ್ಟಗಿವೆ, ಕೆಳಗಿನವು ತಲೆಕೆಳಗಾಗಿವೆ. ಎಂಜಿನ್ ನಿಂತ ಮೇಲೆ ಒಳಗಿನ ಆಯಿಲ್ ನಿಧಾನವಾಗಿ ಜಾರಿ, ಪಿಸ್ಟನ್ ರಿಂಗ್‌ಗಳ ಸಂದಿಯಿಂದ ನುಸುಳಿ, ಕೆಳಗಿನ ಸಿಲಿಂಡರ್‌ಗಳ ತಲೆಯಲ್ಲಿ ಸೇರಿಕೊಳ್ಳುತ್ತದೆ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲು ಆಗುವುದಿಲ್ಲ. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಹೋಗಿ ಎಣ್ಣೆಗೆ ಗುದ್ದುತ್ತದೆ, ಪಿಸ್ಟನ್ನನ್ನು ಶಾಫ್ಟಿಗೆ ಜೋಡಿಸುವ ಉಕ್ಕಿನ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಅದಕ್ಕೇ ಮೊದಲು ಕೈಯಿಂದ ತಿರುಗಿಸಿ ನೋಡುವುದು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು. ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆಯನ್ನು ಹೊರಗೆ ಬಿಡಬೇಕು.

ಸ್ಟಾರ್ಟ್ ಆಗುವಾಗ ಮೂತಿಯ ಕೆಳಗಿಂದ ಬುಸ್ಸೆಂದು ಏಳುವ ನೀಲಿ ಬಿಳಿ ಹೊಗೆ ಇದೆಯಲ್ಲ, ಅದು ರಾತ್ರಿ ಕೆಳಗಿಳಿದು ಕೂತ ಈ ಆಯಿಲ್ ಉರಿಯುವ ಹೊಗೆ. ಎಂಜಿನ್ ಕೆಟ್ಟಿಲ್ಲ. ಅದು ಇರುವುದೇ ಹೀಗೆ.

ಈ ಎಂಜಿನ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಈ ಕಾರಣಕ್ಕೇ. ಅದರ ಪ್ರತಿ ಹೊಗೆಗೂ, ಪ್ರತಿ ಸದ್ದಿಗೂ ಒಂದು ಕಾರಣ ಇದೆ. ಆ ಕಾರಣವನ್ನು ಬರಿಗಣ್ಣಲ್ಲಿ, ಬರಿಗಿವಿಯಲ್ಲಿ, ಅಂಗೈಯಲ್ಲಿ ಹುಡುಕಿ ಹಿಡಿಯಬಹುದು. ಜೆಟ್ ಎಂಜಿನ್ ಒಳಗೆ ನಡೆಯುವುದು ನಮಗೆ ಕಾಣುವುದಿಲ್ಲ. ಇಲ್ಲಿ ಎಲ್ಲವೂ ಹೊರಗೇ ಇದೆ.

ಡಕೋಟಾದಲ್ಲಿ ಇದ್ದದ್ದು ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್. ಮುಂದೆ ಏಳು, ಹಿಂದೆ ಏಳು, ಒಟ್ಟು 14 ಸಿಲಿಂಡರ್. ಶಾಲೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನವರು ಮುಂದಿನವರ ತಲೆಗಳ ನಡುವೆ ಇಣುಕುವುದಿಲ್ವಾ, ಹಾಗೆ ಹಿಂದಿನ ಏಳೂ ಮುಂದಿನ ಏಳರ ಸಂದಿಯಲ್ಲಿ ನಿಂತಿವೆ. ಅವಕ್ಕೂ ಗಾಳಿ ಸಿಗಬೇಕಲ್ಲ. ಸಿಲಿಂಡರ್‌ಗಳ ಒಟ್ಟು ಒಳ ಅಳತೆ 30 ಲೀಟರ್. ಒಂದು ಸಿಲಿಂಡರ್ ಅಂದರೆ ಹಳೆಯ 350 ಸಿಸಿ ಬುಲೆಟ್ ಬೈಕಿನ ಆರು ಎಂಜಿನ್‌ಗೆ ಸಮ. ಶಕ್ತಿ 1,200 ಅಶ್ವಶಕ್ತಿ. ಇಂಥ ಎಂಜಿನ್‌ಗಳು 1,73,000ಕ್ಕೂ ಹೆಚ್ಚು ತಯಾರಾದವು.

ಏಳೇ ಯಾಕೆ, ಆರು ಅಥವಾ ಎಂಟು ಯಾಕಿಲ್ಲ? ಈ ಲೆಕ್ಕ ನನಗೆ ತುಂಬಾ ಇಷ್ಟ. ಏಳು ಮಕ್ಕಳು ದುಂಡಗೆ ಕೂತಿದ್ದಾರೆ ಅಂದುಕೊಳ್ಳಿ. ನೀವು ಕೋಡುಬಳೆ ಡಬ್ಬಿ ಹಿಡಿದು ಸುತ್ತು ಹಾಕುತ್ತಾ, ಒಬ್ಬರನ್ನು ಬಿಟ್ಟು ಒಬ್ಬರಿಗೆ ಕೊಡುತ್ತೀರಿ. 1, 3, 5, 7. ಏಳನೆಯವನ ಪಕ್ಕ ಕೂತ ಒಂದನೆಯವನನ್ನು ಬಿಟ್ಟರೆ ಮುಂದಿನವನು 2. ಆಮೇಲೆ 4, 6. ಎರಡು ಸುತ್ತು ಮುಗಿಯುವಷ್ಟರಲ್ಲಿ ಎಲ್ಲರಿಗೂ ಒಂದೊಂದು ಸಿಕ್ಕಿತು, ಎಲ್ಲೂ ಲಯ ತಪ್ಪಲಿಲ್ಲ. ಈಗ ಆರು ಮಕ್ಕಳನ್ನು ಕೂರಿಸಿ ನೋಡಿ. 1, 3, 5, ಮತ್ತೆ 1. ಮೂವರಿಗೆ ಏನೂ ಇಲ್ಲ! ಅವರಿಗೆ ಕೊಡಬೇಕೆಂದರೆ ಎಲ್ಲೋ ಒಂದು ಕಡೆ ಹೆಜ್ಜೆ ತಪ್ಪಿಸಲೇಬೇಕು.

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಶಾಫ್ಟಿನ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ಅದಕ್ಕೇ ಒಂದು ಸಾಲಿನಲ್ಲಿ ಸಿಲಿಂಡರ್ ಬೆಸಸಂಖ್ಯೆಯಲ್ಲೇ ಇರಬೇಕು. ಐದು, ಏಳು, ಒಂಬತ್ತು. ಅಮೆರಿಕದ ಪೈಲಟ್ ಲಿಂಡ್‌ಬರ್ಗ್ 1927ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿದ್ದು ಒಂಬತ್ತು ಸಿಲಿಂಡರಿನ ರೈಟ್ ವರ್ಲ್‌ವಿಂಡ್ ಎಂಜಿನ್ ನಂಬಿ. ಅದು ಮೂವತ್ಮೂರೂವರೆ ಗಂಟೆ ಒಂದೇ ಸಮನೆ ಓಡಿತು.

ಏಳು ಪಿಸ್ಟನ್‌ಗಳೂ ಶಾಫ್ಟಿನ ಒಂದೇ ಮೊಳಕೈಯನ್ನು ತಳ್ಳುತ್ತವೆ. ಹೇಗೆ? ಒಂದು ಪಿಸ್ಟನ್ನಿನ ರಾಡ್ ಮಾತ್ರ ನೇರವಾಗಿ ಶಾಫ್ಟನ್ನು ಹಿಡಿದಿರುತ್ತದೆ. ಅದಕ್ಕೆ ಮಾಸ್ಟರ್ ರಾಡ್ ಅನ್ನುತ್ತಾರೆ. ಉಳಿದ ಆರೂ ಅದರ ಬುಡದಲ್ಲಿರುವ ಬಳೆಗೆ ಪಿನ್ ಹಾಕಿಕೊಂಡಿರುತ್ತವೆ. ಮ್ಯೂಸಿಯಂನಲ್ಲಿ ಹೊಟ್ಟೆ ಸೀಳಿ ಇಟ್ಟ ರೇಡಿಯಲ್ ಎಂಜಿನ್ ಸಿಕ್ಕರೆ ಬಿಡಬೇಡಿ. ಹಿಡಿ ತಿರುಗಿಸಲು ಬಿಟ್ಟರಂತೂ ಅರ್ಧ ಗಂಟೆ ಅಲ್ಲೇ ನಿಲ್ಲುತ್ತೀರಿ. ಹೂವು ಅರಳಿ ಮುಚ್ಚಿದ ಹಾಗೆ ಪಿಸ್ಟನ್‌ಗಳು ಒಂದರ ಹಿಂದೊಂದು ಹೊರಗೆ ಹೋಗಿ ಒಳಗೆ ಬರುತ್ತವೆ.

ರೇಡಿಯಲ್ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ನೀರಿಲ್ಲ, ನೀರಿನ ಪೈಪಿಲ್ಲ. ಗಾಳಿಯೇ ತಣಿಸಬೇಕು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕಿನ ಎಂಜಿನ್ ಸುತ್ತ ತೆಳ್ಳಗಿನ ಪದರಗಳು ನೋಡಿದ್ದೀರಲ್ಲ, ಅಂಥವೇ ಇಲ್ಲೂ ಇವೆ, ಇನ್ನೂ ತೆಳ್ಳಗೆ, ಇನ್ನೂ ಒತ್ತೊತ್ತಾಗಿ. ಯುದ್ಧದಲ್ಲಿ ಇದು ಜೀವ ಉಳಿಸಿತು. ರೇಡಿಯೇಟರಿಗೆ ಒಂದು ಗುಂಡು ಬಿದ್ದರೆ ನೀರೆಲ್ಲ ಸೋರಿ ಎಂಜಿನ್ ಕಚ್ಚಿಕೊಳ್ಳುತ್ತಿತ್ತು. ರೇಡಿಯಲ್ ಎಂಜಿನ್ನಿನ ಥಂಡರ್‌ಬೋಲ್ಟ್ ಯುದ್ಧವಿಮಾನಗಳು ಒಂದು ಸಿಲಿಂಡರ್ ಹಾರಿಹೋದ ಮೇಲೂ ಮನೆಗೆ ಬಂದದ್ದುಂಟು. ಆದರೆ ಗಾಳಿಗೆ ಎದುರಾಗಿ ನಿಂತ ಈ ಸಿಲಿಂಡರ್‌ಗಳು ವಿಮಾನವನ್ನು ಹಿಂದಕ್ಕೆ ಜಗ್ಗುತ್ತಿದ್ದವು. 1928ರಲ್ಲಿ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ ಫ್ರೆಡ್ ವೀಕ್ ಮತ್ತು ಜೊತೆಗಾರರು ಸುತ್ತಲೂ ಒಂದು ನಯವಾದ ತಗಡಿನ ಹೊದಿಕೆ ಹಾಕಿ ನೋಡಿದರು. ಎಂಜಿನ್ ಬದಲಿಸದೆಯೇ ವೇಗ ಗಂಟೆಗೆ 190 ಕಿಲೋಮೀಟರಿನಿಂದ 220ಕ್ಕೆ ಏರಿತು. ಹಳೆ ವಿಮಾನಗಳ ಆ ದುಂಡು ಮೂತಿ ಬಂದದ್ದು ಹೀಗೆ.

ಅದಕ್ಕೂ ಹಿಂದೆ, ಮೊದಲ ಮಹಾಯುದ್ಧದ ಕಾಲದಲ್ಲಿ, ಇನ್ನೊಂದು ವಿಚಿತ್ರ ಬಗೆ ಇತ್ತು. ಶಾಫ್ಟನ್ನು ವಿಮಾನಕ್ಕೆ ಬಿಗಿದು, ಇಡೀ ಎಂಜಿನ್ನೇ ಪ್ರೊಪೆಲ್ಲರಿನ ಜೊತೆ ಗಿರಗಿರ ತಿರುಗುತ್ತಿತ್ತು. ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ ಅಂತ ಅದಕ್ಕೆ ಹಾಕುತ್ತಿದ್ದದ್ದು ನಮ್ಮ ಹರಳೆಣ್ಣೆ. ಪೈಲಟ್ ಹಾರಾಟದುದ್ದಕ್ಕೂ ಅದರ ಹೊಗೆ ಕುಡಿಯುತ್ತಿದ್ದ.

ಈಗ ಸದ್ದಿನ ವಿಷಯ. ಹಳೆ ವಿಮಾನಗಳನ್ನು ಮೆಚ್ಚುವವರು ಮೊದಲು ಹೇಳುವುದು ಅದನ್ನೇ. ಟ್ವಿನ್ ವಾಸ್ಪ್ ಮೇಲೇರಿ ನೆಟ್ಟಗೆ ಹಾರುವಾಗ ನಿಮಿಷಕ್ಕೆ ಸುಮಾರು 2,050 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಏಳು ಸಿಡಿತ. ಅಂದರೆ ಸೆಕೆಂಡಿಗೆ ಸುಮಾರು 240 ಸಿಡಿತ. ಇದು ಹಾಡುಗಾರರ ಶ್ರುತಿಯ ಆಸುಪಾಸಿಗೇ ಬರುವ ಸಂಖ್ಯೆ. ಇದರ ಕೆಳಗೆ ಇನ್ನೊಂದು ಸ್ವರ ಇದೆ, ಪ್ರೊಪೆಲ್ಲರಿನದು. ಪ್ರೊಪೆಲ್ಲರ್ ಎಂಜಿನ್ನಿನಷ್ಟು ಜೋರಾಗಿ ತಿರುಗುವುದಿಲ್ಲ. ಎಂಜಿನ್ 16 ಸುತ್ತು ಹಾಕಿದರೆ ಅದು 9 ಸುತ್ತು ಹಾಕುವಂತೆ ನಡುವೆ ಗೇರ್ ಇದೆ. ಪ್ರೊಪೆಲ್ಲರಿನ ಅಡ್ಡಳತೆ ಸುಮಾರು ಮೂರೂವರೆ ಮೀಟರ್. ಟೇಕ್ ಆಫ್ ಆಗುವಾಗ ಎಂಜಿನ್ 2,700 ಸುತ್ತು ತಿರುಗುತ್ತದೆ. ಗೇರ್ ಇಲ್ಲದಿದ್ದರೆ ಬ್ಲೇಡಿನ ತುದಿ ಸೆಕೆಂಡಿಗೆ 490 ಮೀಟರ್ ದಾಟುತ್ತಿತ್ತು, ಶಬ್ದದ ವೇಗವನ್ನೂ ಮೀರಿ. ಆಗ ಶಕ್ತಿಯೆಲ್ಲ ಬರೀ ಕಿರುಚಾಟಕ್ಕೆ ಹೋಗುತ್ತದೆ, ಎಳೆತ ಸಿಗುವುದಿಲ್ಲ. ಗೇರ್ ಇರುವುದರಿಂದ ತುದಿ 280ರ ಹತ್ತಿರ ನಿಲ್ಲುತ್ತದೆ. ಮೂರು ಬ್ಲೇಡ್‌ಗಳು ನಿಧಾನವಾಗಿ ಗಾಳಿ ಕಡಿಯುವ ಆ ಸದ್ದು ಸೆಕೆಂಡಿಗೆ 58 ಬಡಿತದ ತಗ್ಗು ದನಿ. ಅದನ್ನು ಕೇಳುವುದಕ್ಕಿಂತ ಮೊದಲು ಎದೆಯಲ್ಲಿ ಅನುಭವಿಸುತ್ತೇವೆ.

ಡಕೋಟಾದಲ್ಲಿ ಎಂಜಿನ್ ಎರಡು. ಎರಡೂ ಸರಿಯಾಗಿ ಒಂದೇ ವೇಗದಲ್ಲಿ ತಿರುಗದಿದ್ದರೆ ‘ವೋಂ... ವೋಂ... ವೋಂ...’ ಅಂತ ಸದ್ದು ಉಬ್ಬಿ ಇಳಿಯುತ್ತದೆ. ತಂಬೂರಿಯ ಎರಡು ತಂತಿ ಕೂಡದಿದ್ದಾಗ ಕೇಳುವ ಅಲೆಯೇ ಇದು. ಎಂಜಿನ್‌ಗಳ ನಡುವೆ ನಿಮಿಷಕ್ಕೆ 20 ಸುತ್ತು ಹೆಚ್ಚುಕಡಿಮೆ ಇದ್ದರೆ, ಸುಮಾರು ಎರಡು ಸೆಕೆಂಡಿಗೊಮ್ಮೆ ಅಲೆ ಬರುತ್ತದೆ. ಪೈಲಟ್ ಒಂದು ಎಂಜಿನ್ನನ್ನು ಹಾಗೇ ಬಿಟ್ಟು, ಇನ್ನೊಂದರ ಪ್ರೊಪೆಲ್ಲರ್ ಲಿವರನ್ನು ಕೂದಲೆಳೆಯಷ್ಟು ಸರಿಸುತ್ತಾನೆ. ಅಲೆ ಉದ್ದವಾಗುತ್ತದೆ. ಇನ್ನೂ ಉದ್ದವಾಗುತ್ತದೆ. ಆಮೇಲೆ ಇಲ್ಲವಾಗುತ್ತದೆ. ಮೀಟರಿನ ಮುಳ್ಳು ಇಷ್ಟು ಸೂಕ್ಷ್ಮವಾಗಿ ತೋರಿಸಲಾರದು. ಶ್ರುತಿ ಮಾಡುವವರು ಕಿವಿಯನ್ನೇ ನಂಬುವ ಹಾಗೆ ಇಲ್ಲೂ ಕಿವಿಯೇ ಪ್ರಮಾಣ.

ಈ ದನಿ ಬೆಂಗಳೂರಿಗೆ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. ಇವತ್ತಿನ ಎಚ್‌ಎಎಲ್. ಯುದ್ಧ ಜೋರಾದಾಗ ಅದು ಅಮೆರಿಕದ ಸೇನೆಯ ವಿಮಾನ ರಿಪೇರಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ! ನೊರೆಗೆ ಹೆಸರಾದ ಆ ಕೆರೆಯ ನೀರಿನ ಮೇಲೆ ಒಂದು ಕಾಲದಲ್ಲಿ ಎರಡು ಟ್ವಿನ್ ವಾಸ್ಪ್ ಗುಡುಗುತ್ತಾ ಇಳಿಯುತ್ತಿದ್ದವು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಹೌದು, ಕ್ಯಾಟಲಿನಾದಲ್ಲಿದ್ದದ್ದೂ ಅದೇ ಎಂಜಿನ್.

ಯುದ್ಧ ಮುಗಿದ ಮೇಲೆ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಗುಜರಿಯಂತೆ ಬಿಟ್ಟುಹೋದರು. ಇನ್ನು ಹಾರಬಾರದು ಅಂತ ಬೇಕಂತಲೇ ಹಾಳು ಮಾಡಿಟ್ಟಿದ್ದರು. ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದಷ್ಟು ತೇಪೆ ಹಾಕಿ, ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದರು. ಹಾರಿಸಿದವರು ಕಾರ್ಖಾನೆಯ ಟೆಸ್ಟ್ ಪೈಲಟ್ ಜಮ್‌ಶೇದ್ ಮುನ್ಷಿ. ಹೀಗೆ ನಲವತ್ತರಷ್ಟು ವಿಮಾನಗಳು ಮತ್ತೆ ಜೀವ ಪಡೆದು, 1968ರವರೆಗೆ ವಾಯುಪಡೆಯಲ್ಲಿ ದುಡಿದವು. ಬ್ರಿಟನ್ನಿನ ವಾಯುಪಡೆಯ (ಆರ್‌ಎಎಫ್) ಮ್ಯೂಸಿಯಂನಲ್ಲಿರುವ ಲಿಬರೇಟರ್ ಭಾರತ ಕೊಟ್ಟದ್ದು. ಲಿಬರೇಟರಿನ ಎಂಜಿನ್ ಯಾವುದು? ಟ್ವಿನ್ ವಾಸ್ಪ್.

ಈ ಎಂಜಿನ್ ಎಷ್ಟು ಗಟ್ಟಿ ಅನ್ನುವುದು ಗೊತ್ತಾದದ್ದು 1948ರ ಮೇ ತಿಂಗಳಲ್ಲಿ, ಲೇಹ್‌ನಲ್ಲಿ. ಕಾಶ್ಮೀರದ ಯುದ್ಧ ನಡೆಯುತ್ತಿತ್ತು. ಹಿಂದಿನ ವರ್ಷದ ಅಕ್ಟೋಬರ್ 27ರಂದು ಡಕೋಟಾಗಳು ಶ್ರೀನಗರಕ್ಕೆ ಸೈನಿಕರನ್ನು ಇಳಿಸಿದ್ದವು. ಲೇಹ್ ಅದಕ್ಕಿಂತ ಕಷ್ಟ. ಎತ್ತರ 11,500 ಅಡಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರನೇ ಎರಡರಷ್ಟು ಮಾತ್ರ. ಇಳಿಯಲು ಇದ್ದದ್ದು ಸಿಂಧೂ ನದಿಯ ಪಕ್ಕ, ಎಂಜಿನಿಯರ್ ಸೋನಂ ನೊರ್ಬು ಊರವರನ್ನು ಸೇರಿಸಿಕೊಂಡು ಹದ ಮಾಡಿದ ಮರಳಿನ ಪಟ್ಟಿ. ವಿಮಾನ ನಡೆಸಿದವರು ಏರ್ ಕಮಡೋರ್ ಮೆಹರ್ ಸಿಂಗ್. ಜೊತೆಗೆ ಕೂತು ಹೋದವರು ನಮ್ಮ ಕೊಡಗಿನ ತಿಮ್ಮಯ್ಯನವರು, ಆಗ ಮೇಜರ್ ಜನರಲ್.

ತೆಳುಗಾಳಿಯಲ್ಲಿ ಎಂಜಿನ್ನಿಗೂ ಉಸಿರು ಕಟ್ಟುತ್ತದೆ. ಅದಕ್ಕೇ ಟ್ವಿನ್ ವಾಸ್ಪ್ ಬೆನ್ನಿಗೆ ಸೂಪರ್‌ಚಾರ್ಜರ್ ಇದೆ. ಅದೊಂದು ಗಾಳಿ ತಿದಿ, ಆದರೆ ಒಳಗಿರುವುದು ಚಕ್ರ. ಎಂಜಿನ್ ಒಂದು ಸುತ್ತು ಹಾಕಿದರೆ ಅದು ಏಳು ಸುತ್ತಿಗೂ ಜಾಸ್ತಿ ತಿರುಗುತ್ತದೆ. ಪೂರಾ ಜೋರಿನಲ್ಲಿ ನಿಮಿಷಕ್ಕೆ 18 ಸಾವಿರ ಸುತ್ತಿಗೂ ಮೇಲೆ. ತೆಳು ಗಾಳಿಯನ್ನು ಒತ್ತಿ, ದಟ್ಟ ಮಾಡಿ ಸಿಲಿಂಡರಿಗೆ ತುಂಬುತ್ತದೆ. ಆದರೂ ಮಿತಿ ಇದೆ. ಎತ್ತರಕ್ಕೆ ಹೋದಷ್ಟೂ ಶಕ್ತಿ ಇಳಿಯುತ್ತಲೇ ಇರುತ್ತದೆ. ಒಳಗೆ ಕೂತವರಿಗಂತೂ ತಿದಿಯೂ ಇಲ್ಲ, ಬೆಚ್ಚಗಿನ ಮುಚ್ಚಿದ ಕ್ಯಾಬಿನ್ನೂ ಇಲ್ಲ. ಹಿಮಾಲಯದ ಆ ಸಾಲುಗಳನ್ನು ದಾಟಿ ಹೋಗಿ ಇಳಿದು, ಮತ್ತೆ ಅದೇ ಮರಳಿನಿಂದ ಎದ್ದು ಬಂದರಲ್ಲ, ಆ ಧೈರ್ಯದಲ್ಲಿ ಅರ್ಧ ಮೆಹರ್ ಸಿಂಗರದು, ಅರ್ಧ ತಮ್ಮ ಎಂಜಿನ್‌ಗಳನ್ನು ಕೈಯಾರೆ ಬಲ್ಲ ಮೆಕ್ಯಾನಿಕ್‌ಗಳದು ಅಂತ ನಾನು ನಂಬುತ್ತೇನೆ.

ಜೆಟ್ ಬಂದ ಮೇಲೆ ರೇಡಿಯಲ್ ಎಂಜಿನ್ ಹಿಂದೆ ಸರಿಯಿತು, ಸರಿಯಲೇಬೇಕಿತ್ತು. 28 ಸಿಲಿಂಡರಿನ ವಾಸ್ಪ್ ಮೇಜರ್ ತನಕ ಹೋಗಿ ನೋಡಿದರು. ಒಂದೇ ಎಂಜಿನ್ನಿಗೆ 56 ಸ್ಪಾರ್ಕ್ ಪ್ಲಗ್. ಹಿಂದಿನ ಸಾಲಿಗೆ ತಂಪು ಗಾಳಿ ಮುಟ್ಟಿಸುವುದೇ ಸಾಹಸ. ಜೆಟ್ ಎಂಜಿನ್ ಹತ್ತು ಸಾವಿರ ಗಂಟೆಗೂ ಹೆಚ್ಚು ರೆಕ್ಕೆಯಿಂದ ಇಳಿಯದೇ ದುಡಿಯಬಲ್ಲದು. ಟ್ವಿನ್ ವಾಸ್ಪನ್ನು ಸಾವಿರ ಚಿಲ್ಲರೆ ಗಂಟೆಗೇ ಪೂರ್ತಿ ಬಿಚ್ಚಬೇಕು. ಅದು ಕುಡಿಯುವ ಪೆಟ್ರೋಲಿನಲ್ಲಿ ಇವತ್ತಿಗೂ ಸೀಸ ಇದೆ. ನಾವು ನೀವು ದುಬೈಗೋ ಡೆಲ್ಲಿಗೋ ಹೋಗಲು ಜೆಟ್ಟೇ ಸರಿ.

ಹಾಗಂತ ಎಲ್ಲವನ್ನೂ ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ, ಅಲ್ವಾ? ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ರಾಜೀವ್ ಚಂದ್ರಶೇಖರ್ ಅವರ ತಂದೆ ಏರ್ ಕಮಡೋರ್ ಎಂ. ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. ಮಗ ಒಂದು ಹಳೆ ಡಕೋಟಾವನ್ನು ಕೊಂಡು, ಬ್ರಿಟನ್ನಿನಲ್ಲಿ ಸರಿ ಮಾಡಿಸಿ, ವಾಯುಪಡೆಗೆ ಕೊಟ್ಟರು. ಹೆಸರು ಪರಶುರಾಮ. ಬಾಲದ ಮೇಲೆ ವಿಪಿ 905, ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ನಂಬರು. 2018ರ ಏಪ್ರಿಲ್‌ನಲ್ಲಿ ಅದನ್ನು ಹಡಗಿಗೆ ಹಾಕಿ ತರಲಿಲ್ಲ. ಬ್ರಿಟನ್ನಿನಿಂದ ಯೂರೋಪ್ ದಾಟಿ, ಅರಬ್ ದೇಶಗಳ ಮೇಲಿಂದ ಜಾಮ್‌ನಗರದವರೆಗೆ ತನ್ನದೇ ಎಂಜಿನ್‌ಗಳ ಮೇಲೆ, ಊರೂರಲ್ಲಿ ತಂಗುತ್ತಾ ಹಾರಿ ಬಂತು. ತಂಗಿದ ಕಡೆಯೆಲ್ಲ ಬೆಳಿಗ್ಗೆ ಅದೇ ಕೆಲಸ. ಎಂಜಿನ್ ಕೆಳಗೆ ತೊಟ್ಟಿಕ್ಕಿದ ಆಯಿಲ್ ಒರೆಸುವುದು, ಬ್ಲೇಡಿಗೆ ಕೈ ಹಾಕುವುದು, ಎಣಿಸುತ್ತಾ ತಿರುಗಿಸುವುದು.